ಕಬ್ಬಿನೊಳಗೆ ಹೋದ ಚೆಂಡು

ಕಬ್ಬಿನ ಹೊಲಕ್ಕೆ ಹೊಂದಿಕೊಂಡ ಮೈದಾನಗಳಲ್ಲಿ ನಮ್ಮ ಕಡೆ ಒಂದು ನಿಯಮವಿದೆ. ಚೆಂಡು ಕಬ್ಬಿನೊಳಗೆ ಹೋದರೆ ಫೀಲ್ಡಿಂಗ್ ಮಾಡುವ ತಂಡದವರೇ ಒಳಗೆ ಹೋಗಿ ಹುಡುಕಿ ತರಬೇಕು. ಪ್ರೇಕ್ಷಕರು ಹೋಗುವಂತಿಲ್ಲ. ಅವರು ಹೋದರೆ ಚೆಂಡಿನ ಜೊತೆ ಕಬ್ಬೂ ಹೊರಗೆ ಬರುತ್ತದೆ, ಅದರ ಹಿಂದೆ ಹೊಲದವನೂ ಬರುತ್ತಾನೆ. ಚೆಂಡು ಸಿಗುವ ತನಕ ಆಟ ನಿಲ್ಲುತ್ತದೆ. ಆಟ ನಿಂತಾಗ ಜನರನ್ನು ಹಿಡಿದಿಡುವುದು ಮೈಕಿನವನ ಕೆಲಸ. ಆ ಮೈಕಿನವನು ನಾನು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ನಡೆದರೂ ನನ್ನ ಗಂಟಲು ಅಲ್ಲಿರುತ್ತದೆ. ಮೈಯಲ್ಲಿ ಅದೊಂದೇ ತೂಕದ ಅಂಗ. ಉಳಿದದ್ದು ಗಾಳಿ ಬಂದರೆ ಹಿಡಿದುಕೊಳ್ಳಬೇಕಾದಂಥದ್ದು. ಊರು ಗೋಕಾಕ ಫಾಲ್ಸ್. ಚಿಕ್ಕವನಿದ್ದಾಗ ಪಾಳಿ ಬದಲಾಗುವಾಗ ಕೂಗುವ ಮಿಲ್ಲಿನ ಭೋಂಗಾದ ದನಿ ತೆಗೆಯುತ್ತಿದ್ದೆ. ಒಮ್ಮೆ ಅದನ್ನು ಕೇಳಿ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಬ್ಬಾ ನಿದ್ದೆಗಣ್ಣಿನಲ್ಲೇ ಊಟದ ಡಬ್ಬಿ ಹಿಡಿದು ಪಾಳಿಗೆ ಹೊರಟುಬಿಟ್ಟಿದ್ದರು ಅಂತ ಅಮ್ಮಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಈಗ ಅಂಪೈರ್, ಪುಢಾರಿ, ಬಸ್ ಕಂಡಕ್ಟರ್, ಯಾರನ್ನೂ ಬಿಟ್ಟಿಲ್ಲ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಒಂದೇ ದನಿ, ಹುಕ್ಕೇರಿ ತಂಡದ ಕ್ಯಾಪ್ಟನ್‌ನದು.

ಆ ಕ್ಯಾಪ್ಟನ್ ಅಂದರೆ ಮೂರೂ ತಾಲೂಕಿಗೆ ತಲೆನೋವು. ಬೌಲಿಂಗ್ ಮಾಡುತ್ತ ಮಾಡುತ್ತ ನಿಂತು, ಈಚೆ ತುದಿಯ ಬ್ಯಾಟ್ಸ್‌ಮನ್‌ನ ಬೇಲ್ಸ್ ಎಗರಿಸಿಬಿಡುತ್ತಿದ್ದ. ಎದುರಾಳಿ ಹೊಡೆಯಲು ಹತ್ತಿದರೆ ಇವನ ಬೂಟಿನ ದಾರ ಬಿಚ್ಚುತ್ತಿತ್ತು. ಹಿಂದಿನ ವರ್ಷ ಒಂದು ಪಂದ್ಯ ಕೈತಪ್ಪುವ ಹೊತ್ತಿಗೆ, ಚೆಂಡು ಹುಡುಕಲು ಕಬ್ಬಿನೊಳಗೆ ಹೋದವನು "ಏ ತಡೀರಿ ತಡೀರಿ, ಹಾವ್ ಐತಿ" ಅಂತ ಕೂಗಿಕೊಂಡು ಹೊರಗೆ ಬಂದ. ಮೋಡ ಮುಚ್ಚಿ ಬೆಳಕು ಹೋಗುವವರೆಗೂ ಆಟ ಶುರುವಾಗಲಿಲ್ಲ. ಹಾವನ್ನು ಅವನೊಬ್ಬನೇ ನೋಡಿದ್ದ. ಆ "ತಡೀರಿ ತಡೀರಿ" ನನ್ನ ಪಾಲಿಗೆ ಹಬ್ಬವಾಯಿತು. ಮೂಗಿನಿಂದ ಶುರುವಾಗಿ ಗಂಟಲಿನಲ್ಲಿ ಒಡೆಯುವ ದನಿ ಅದು. ನಾನು ಮೈಕಿನಲ್ಲಿ ಅದನ್ನು ತೆಗೆದರೆ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ನನಗೆ ಗಿಣಿ ಅಂತ ಹೆಸರಿಟ್ಟವನು ಅವನೇ.

ಈಗ ಹೇಳುವುದು ಮೂಡಲಗಿಯಿಂದ ತುಕ್ಕಾನಟ್ಟಿ ಕಡೆ ಹೋಗುವ ರಸ್ತೆಯ ಪಕ್ಕದ ಮೈದಾನದಲ್ಲಿ ನಡೆದ ಫೈನಲ್ ಪಂದ್ಯದ ಸಂಗತಿ. ಪಡುವಣ ದಿಕ್ಕಿಗೆ ಆಳಿಗಿಂತ ಎತ್ತರದ ಕಬ್ಬು. ಮಧ್ಯಾಹ್ನ ಇಳಿದಂತೆ ಅದರ ನೆರಳು ಬೌಂಡರಿ ದಾಟಿ ಒಳಗೆ ಬರುತ್ತದೆ, ಹಾಗಾಗಿ ಮುಕ್ಕಾಲು ಜನ ಅಲ್ಲೇ ಕಬ್ಬಿಗೆ ಬೆನ್ನು ಕೊಟ್ಟು ಕೂತಿದ್ದರು. ಬಂದ ಮೋಟಾರು ಸೈಕಲ್ಲುಗಳೆಲ್ಲ ಕಬ್ಬಿನ ದಂಡೆಯ ಹಾದಿಯಲ್ಲೇ ಸಾಲಾಗಿ ನಿಂತಿದ್ದವು. ಮೂಡಣ ದಿಕ್ಕಿನಲ್ಲಿ ಮುಳ್ಳಿನ ಬೇಲಿ, ಅದರ ಮುಂದೆ ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರಾಲಿ. ಟ್ರಾಲಿಯ ಮೇಲೆ ನಾನು, ಆಂಪ್ಲಿಫಯರು, ಸ್ಕೋರು ಬರೆಯುವ ಕಾಕಾ. ನಿವೃತ್ತ ಕಂಡಕ್ಟರ್ ಆದ ಈ ಕಾಕಾ ರನ್ನುಗಳನ್ನೂ ಟಿಕೀಟು ಹರಿದಂತೆ ಎಣಿಸುತ್ತಿದ್ದರು.

ಎದುರಾಳಿ ಅರಭಾವಿ ಕಡೆಯ ಹುಡುಗರು. ಅವರು ಬೆನ್ನಟ್ಟುತ್ತಿದ್ದರು, ಆದರೆ ಆಟ ಅವರ ಕೈಜಾರಿತ್ತು. ಎರಡು ಓವರ್ ಬಾಕಿ, ಬೇಕಾದ ರನ್ನು ಕನಸಿನಲ್ಲಿ ಮಾತ್ರ ಬರುವಂಥದ್ದು. ಗೆದ್ದವರಿಗೆ ಕೊಡುವ ಢಾಲನ್ನು ಹುಕ್ಕೇರಿಯವರು ಒಮ್ಮೆಯೂ ಗೆದ್ದಿರಲಿಲ್ಲ. ಕ್ಯಾಪ್ಟನ್ ಆಗಲೇ ಅಂಗಿಯ ಕಾಲರ್ ಎತ್ತಿ ತಿರುಗಾಡುತ್ತಿದ್ದ. ನಾನು ಮೈಕಿನಲ್ಲಿ ಅವನ ಕಾಲರ್ ಬಗ್ಗೆಯೇ ಒಂದು ಓವರ್ ಮಾತಾಡಿದ್ದೆ.

ಆಗ ಅರಭಾವಿಯ ಹುಡುಗ ಒಂದು ಸಿಕ್ಸರ್ ಎತ್ತಿದ. ಚೆಂಡು ಜನರ ತಲೆ ಮೇಲಿಂದ ಹಾದು ಕಬ್ಬಿನೊಳಗೆ ಬಿತ್ತು.

ಬೌಂಡರಿಯಲ್ಲಿದ್ದ ಫೀಲ್ಡರ್ ಒಳಗೆ ಹೋದ, ಬೇಗನೆ ಬರಿಗೈಯಲ್ಲಿ ಹೊರಗೆ ಬಂದ. ಕ್ಯಾಪ್ಟನ್‌ನ ಹತ್ತಿರ ಹೋಗಿ ಒಳಗೆ ನಾತ ಅನ್ನುವಂತೆ ಮೂಗು ಮುಚ್ಚಿಕೊಂಡು ಏನೋ ಹೇಳಿದ. ಕ್ಯಾಪ್ಟನ್ ಅವನ ಬೆನ್ನಿಗೊಂದು ಗುದ್ದಿ ತಾನೇ ಒಳಗೆ ಹೋದ.

"ಬಂಧುಗಳೇ, ಕ್ಯಾಪ್ಟನ್ ಸಾಹೇಬ್ರು ಹೋದ ವರ್ಷದ ಹಾವಿಗೆ ಭೆಟ್ಟಿ ಆಗಾಕ ಹೋಗ್ಯಾರ. ಸ್ವಲ್ಪ ಸಮಾಧಾನ ಮಾಡ್ಕೋರಿ, ಅದರ ಮನಿ ಮಂದಿದೆಲ್ಲ ಸುದ್ದಿ ಕೇಳಬೇಕಲ್ಲ" ಅಂದೆ. ಜನ ನಕ್ಕರು. ನನಗೆ ಇನ್ನೇನು ಬೇಕು?

ಅವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಬೆನ್ನು ಮೊದಲು ಬಂತು. ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಕಬ್ಬಿನ ಕಡೆಗೇ ಮುಖಮಾಡಿ ಹೊರಗೆ ಬಂದ. "ನೋಡ್ರಿ, ರಿವರ್ಸ್ ಗೇರ್ ಬಿದ್ದೈತಿ" ಅಂತ ನಾನು ಲಾರಿ ಹಿಂದೆ ಸರಿಯುವ ಪೀಂ ಪೀಂ ದನಿ ತೆಗೆದೆ. ಮತ್ತೆ ನಗು. ಅವನು ಅಂಪೈರ್ ಕಡೆ ಹೋಗಲಿಲ್ಲ. ಮೈದಾನವನ್ನು ಅಡ್ಡ ಹಾಯ್ದು, ಓಡದೆ, ನೇರವಾಗಿ ಟ್ರಾಲಿಗೆ ಬಂದು ಹತ್ತಿದ. ಗುಂಡಿ ಒತ್ತಿ ತಾನೇ ಮೈಕ್ ಆರಿಸಿದ.

"ಗಿಣಿ, ನಗಬ್ಯಾಡ. ಒಳಗ ಚಿರತಿ ಐತಿ."

"ಹಾವು ಹಳೀದಾತೇನ್ರಿ ಕ್ಯಾಪ್ಟನ್ ಸಾಹೇಬ್ರ?"

ಅವನು ನಗಲಿಲ್ಲ. ನನ್ನ ಮೊಣಕೈ ಹಿಡಿದಿದ್ದ. ಆ ಕೈ ನಡುಗುತ್ತಿತ್ತು. ನಕಲು ಮಾಡುವವನಿಗೆ ನಕಲು ಗೊತ್ತಾಗುತ್ತದೆ. ನಟನೆಯ ನಡುಕಕ್ಕೆ ಒಂದು ತಾಳ ಇರುತ್ತದೆ. ಈ ನಡುಕಕ್ಕೆ ಇರಲಿಲ್ಲ.

"ಖರೆ ನೋಡಿದ್ರಿ?" ಅಂದರು ಕಾಕಾ.

"ಚೆಂಡಿನ ಬಾಜೂಕ ಮಲಗೇತಿ ಕಾಕಾ. ಮಾರಿ ಎತ್ತಿ ನೋಡ್ತು, ಏಳಲಿಲ್ಲ. ಎದ್ದು ಹೋಗಿದ್ರ ನಾ ಇಷ್ಟ ಅಂಜತಿರಲಿಲ್ಲ. ನಮ್ಮ ಮನ್ಯಾಗ ಕುರಿ ಕಾಯ್ದವರು ಅದಾರ. ಇಷ್ಟ ಮಂದಿ ಗದ್ಲದಾಗೂ ಏಳಂಗಿಲ್ಲ ಅಂದ್ರ ಅದರ ಕಡೆ ಮರಿ ಇರ್ತಾವ, ಇಲ್ಲಾ ಗಾಯ ಆಗಿರ್ತೈತಿ. ಎರಡೂ ಕೆಟ್ಟ."

"ಹಂಗಾರ ಮೈಕ್‌ನ್ಯಾಗ ಹೇಳೂನು" ಅಂದೆ.

"ಏನಂತ ಹೇಳ್ತಿ? ನಂಬಿದವ್ರು ಗಾಡಿ ಕಡೆ ಓಡ್ತಾರ. ಗಾಡಿ ಎಲ್ಲಿ ಅದಾವ ನೋಡು."

ನೋಡಿದೆ. ಮೋಟಾರು ಸೈಕಲ್ಲುಗಳ ಸಾಲಿಗೂ ಕಬ್ಬಿಗೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗವಿತ್ತು.

"ಹಂಗಾರ ಎರಡ ಓವರ್ ಲಗೂನ ಮುಗಸ್ರಿ."

"ಆ ದಂಡಿಗಿ ಯಾರನ್ನ ನಿಲ್ಲಸ್ಲಿ? ಚೆಂಡ್ ಮತ್ತ ಅಲ್ಲೇ ಬಿದ್ರ ಯಾರನ್ನ ಕಳಸ್ಲಿ? ನೀ ಹೋಕ್ಕಿ?"

"ನಾ ಹೋದ್ರ ಅದಕ್ಕ ಎಲುಬು ಬಿಟ್ರ ಏನೂ ಸಿಗೂದಿಲ್ರಿ" ಅಂದೆ. ಹೆದರಿಕೆಯಲ್ಲೂ ಬಾಯಿ ತನ್ನ ಚಟ ಬಿಡಲಿಲ್ಲ.

ಆಟ ನಿಲ್ಲಿಸಿದರೂ ಉಪಯೋಗವಿರಲಿಲ್ಲ. ಹಾವಿನ ದಿನ ಆಟ ನಿಂತಾಗ ಜನ ಎದ್ದಿರಲಿಲ್ಲ. ನೆರಳಿನಲ್ಲಿ ಕಾಲು ಚಾಚಿ ಶೇಂಗಾ ತಿಂದಿದ್ದರು. ಆದರೂ ಮೊದಲು ನನ್ನ ದಾರಿ ನೋಡೋಣ ಅಂತ ಮೈಕ್ ಹಚ್ಚಿದೆ. ಯಾರ ದನಿಯೂ ಅಲ್ಲ, ನನ್ನದೇ ದನಿ. "ಕಬ್ಬಿನ ಬಾಜೂಕ ಕುಂತವರು ದಯವಿಟ್ಟು ಎದ್ದು ಈ ಕಡೆ ಬರ್ರಿ. ಸಾವಕಾಶ ಬರ್ರಿ."

ಆ ತುದಿಯಿಂದ ಯಾರೋ ಕೂಗಿದರು: "ಯಾಕಲೇ, ಹಾವ್ ಐತೇನ?" ಇಡೀ ದಂಡೆ ನಕ್ಕಿತು. ನಾಲ್ಕೈದು ಜನ "ತಡೀರಿ ತಡೀರಿ" ಅಂತ ನನ್ನದೇ ನಕಲನ್ನು ನನಗೇ ತಿರುಗಿಸಿ ಕೂಗಿದರು. ನಾನು ಮತ್ತೊಮ್ಮೆ ಹೇಳಿದೆ. ದನಿ ನಡುಗಿತು. ನಡುಗಿದ್ದಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ ಅಂತ ಅವರಿಗೆ ಅನ್ನಿಸಿರಬೇಕು.

ಕ್ಯಾಪ್ಟನ್ ಮತ್ತೆ ಮೈಕ್ ಆರಿಸಿದ. "ಫೈನಲ್ ಮುಗದ ಮ್ಯಾಲೆ ಮಂದಿ ಎಲ್ಲಿ ಬರ್ತೈತಿ?"

ಅದು ಅವನಿಗೂ ಗೊತ್ತಿತ್ತು. ಫೈನಲ್ ಮುಗಿದ ಕೂಡಲೇ ಜನ ಎದ್ದು ಟ್ರಾಲಿಗೆ ನುಗ್ಗುವುದು ರೂಢಿ. ಢಾಲು ಕೊಡುವುದು ಇಲ್ಲಿ, ಭಾಷಣ ಇಲ್ಲಿ, ಭಾಷಣ ಮಾಡಿದವರನ್ನು ಆಮೇಲೆ ನಾನು ಅಣಕಿಸಿ ತೋರಿಸುವುದೂ ಇಲ್ಲಿ. ಮುಂದೆ ನಿಲ್ಲಲು ಜಗಳವೇ ಆಗುತ್ತದೆ.

"ಇಲ್ಲಿ ಬರ್ತಾರ" ಅಂದೆ.

"ಹಂಗಾರ ಮುಗಸ್ತೇನಿ" ಅಂದು ಇಳಿದ. ಇಳಿಯುತ್ತ ಕಾಕಾನಿಗೆ, "ಬೇಲಿ ತಗೀರಿ ಕಾಕಾ. ಮಂದಿ ಈ ಕಡಿಂದನ ರಸ್ತೆಕ್ಕ ಹೋಗ್ಬೇಕು. ಫಾರೆಸ್ಟ್‌ನವ್ರಿಗಿ ಫೋನ್ ಹಚ್ರಿ" ಅಂದ.

ಪಿಚ್‌ಗೆ ಹೋಗಿ ಟೋಪಿ ತೆಗೆದು ಅಂಪೈರ್ ಕೈಗೆ ಕೊಟ್ಟ. ಏನು ಹೇಳಿದನೋ ಕೇಳಲಿಲ್ಲ. ಅಂಪೈರ್ ಎರಡು ಸಲ ತಲೆ ಅಲ್ಲಾಡಿಸಿದ. ಕ್ಯಾಪ್ಟನ್ ತಾನೇ ಬೇಲ್ಸ್ ಎತ್ತಿ, ಎದುರಾಳಿ ಕ್ಯಾಪ್ಟನ್‌ನ ಕೈ ಕುಲುಕಿದ. ಆ ಹುಡುಗ ಕೈ ಹಿಂದೆ ಎಳೆದುಕೊಂಡ. ಗೆದ್ದವನ ಮುಖ ಅಷ್ಟು ಗಾಬರಿಯಾಗಿದ್ದನ್ನು ನಾನು ನೋಡಿಲ್ಲ.

"ಹುಕ್ಕೇರಿ ತಂಡ ಪಂದ್ಯ ಬಿಟ್ಟುಕೊಟ್ಟಿದೆ. ಅರಭಾವಿ ಗೆದ್ದಿದೆ" ಅಂತ ನಾನು ಸಾರಿದೆ.

ಜನ ಎದ್ದರು. ಎಲ್ಲರೂ ಎದ್ದರು, ಆದರೆ ನನ್ನ ಕಡೆ ಬರಲಿಲ್ಲ, ಅವನ ಕಡೆ ಹೋದರು. ಚಪ್ಪಲಿ, ನೀರಿನ ಪಾಕೀಟು, ಮಣ್ಣಿನ ಹೆಂಟೆ ತೂರಿದರು. "ಎಷ್ಟಕ್ಕ ಮಾರ್ಕೊಂಡ್ಯೋ ಮಗನ", "ಊರ ಮಾನ ಹಾಳ ಮಾಡಿದ್ಯಲ್ಲೋ" ಅಂತ ಹುಕ್ಕೇರಿಯವರೇ ಹೆಚ್ಚು ಕೂಗುತ್ತಿದ್ದರು. ಅವನ ತಂಡದವರು ಅವನ ಮುಂದೆ ನಿಲ್ಲಲಿಲ್ಲ. ಅವರಿಗೂ ಅವನು ಏನೂ ಹೇಳಿರಲಿಲ್ಲ. ಅವನು ಮಾತ್ರ ಪಿಚ್ ನಡುವೆ ಕೈ ಕಟ್ಟಿ ನಿಂತು, ಜನರ ಮುಖವನ್ನಲ್ಲ, ಅವರ ಹಿಂದೆ ಖಾಲಿಯಾಗುತ್ತಿದ್ದ ನೆರಳನ್ನು ನೋಡುತ್ತಿದ್ದ.

ನಾನು ಹೆದರಿದ್ದೆ. ಕಬ್ಬಿಗೂ ಹೆದರಿದ್ದೆ, ಈ ಜನಕ್ಕೂ ಹೆದರಿದ್ದೆ. ಯಾವ ದನಿ ತೆಗೆಯಲಿ ಅಂತ ಹೊಳೆಯಲಿಲ್ಲ. ಕೊನೆಗೆ ಗಂಟಲಿನಿಂದ ತಾನಾಗಿ ಬಂದದ್ದು ಮಿಲ್ಲಿನ ಭೋಂಗಾ. ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ, ಉಸಿರು ತೀರುವ ತನಕ. ಜನ ತಿರುಗಿ ನೋಡಿದರು. "ಬರ್ರಿ, ಪಾಳಿ ಬದಲಾತು" ಅಂದೆ. "ಬೈಯೋರ ಪಾಳಿ ಮುಗೀತು, ನಗೋರ ಪಾಳಿ ಶುರು. ಮೊದಲ ಕ್ಯಾಪ್ಟನ್ ಸಾಹೇಬ್ರ ಸೊಂಟ ಮುರಿಯೂನು." ಅವನ ಮೂಗಿನ ದನಿ ತೆಗೆದೆ. ಅವನನ್ನು ಬೈದೆ, ಅಣಕಿಸಿದೆ, ಅವನ ಕಾಲರ್, ಅವನ ದಾರ, ಅವನ ಹಾವು. ಒಬ್ಬೊಬ್ಬರಾಗಿ ಟ್ರಾಲಿಯ ಕಡೆ ಬರಲು ಹತ್ತಿದರು. ಅವನ ಸುತ್ತ ಜನ ತೆಳುವಾದರು.

ಟ್ರಾಲಿಯ ಎತ್ತರದಿಂದ ನನಗೆ ಎಲ್ಲ ಕಾಣುತ್ತಿತ್ತು. ಕಬ್ಬಿನ ದಂಡೆಯಲ್ಲಿ ಇನ್ನೂ ನಾಲ್ಕು ಜನ ಉಳಿದಿದ್ದರು, ಇಸ್ಪೀಟು ಆಡುವವರು. ಫೈನಲ್ ಯಾರು ಗೆದ್ದರು ಅನ್ನುವುದು ಅವರಿಗೆ ಬೇಕಾಗಿರಲಿಲ್ಲ, ನನ್ನ ಭೋಂಗಾವೂ ಬೇಕಾಗಿರಲಿಲ್ಲ. ಎಲೆ ಹಂಚುತ್ತಿದ್ದರು.

ಕ್ಯಾಪ್ಟನ್ ಅವರ ಕಡೆ ನಡೆದ. ಹಿಂದಿನಿಂದ ಒಂದು ಚಪ್ಪಲಿ ಅವನ ಭುಜಕ್ಕೆ ಬಿತ್ತು. ತಿರುಗಲಿಲ್ಲ. ಹೋಗಿ ಅವರಿಗೂ ಕಬ್ಬಿಗೂ ನಡುವೆ, ಕಬ್ಬಿಗೆ ಮುಖಮಾಡಿ ನಿಂತ.

ಆಗ ನೋಡಿದೆ. ಗಾಳಿ ಬಂದರೆ ಕಬ್ಬು ಒಟ್ಟಿಗೆ ಬಾಗುತ್ತದೆ, ಒಟ್ಟಿಗೆ ಏಳುತ್ತದೆ. ಆ ಹೊತ್ತು ಗಾಳಿ ಇರಲಿಲ್ಲ. ಹೊಲದೊಳಗಿಂದ ಒಂದೇ ಒಂದು ಗೆರೆಯಲ್ಲಿ ಕಬ್ಬಿನ ತುದಿಯ ಸುಳಿಗಳು ಅಲುಗುತ್ತ ದಂಡೆಯ ಕಡೆ ಬಂದವು. ಯಾರೋ ನೀರಿನೊಳಗೆ ಬೆರಳು ಎಳೆದ ಹಾಗೆ. ದಂಡೆಗೆ ಬರುವ ಮೊದಲು ಗೆರೆ ನಿಂತಿತು. ಅಲ್ಲೇ ನಿಂತಿತು. ನನ್ನ ಬಾಯಿ ಯಾವುದೋ ಪುಢಾರಿಯ ಭಾಷಣ ಮಾಡುತ್ತಿತ್ತು, ಜನ ನಗುತ್ತಿದ್ದರು. ಯಾವ ಮಾತು ಆಡಿದೆ ಅನ್ನುವುದು ಇವತ್ತಿಗೂ ನೆನಪಿಲ್ಲ.

ಕ್ಯಾಪ್ಟನ್ ಇಸ್ಪೀಟಿನ ಎಲೆಗಳ ಮೇಲೆ ಬೇಕಂತಲೇ ಕಾಲಿಟ್ಟು ನಿಂತ. ನಾಲ್ವರೂ ಅವನ ಕೊರಳಪಟ್ಟಿ ಹಿಡಿದು, ಹೊಡೆಯಲು ಅವನನ್ನು ಮೈದಾನದ ನಡುವಿಗೆ ಎಳೆದು ತಂದರು. ಅವನು ಎಳೆಸಿಕೊಂಡ. ನಡುವಿಗೆ ಬರುವವರೆಗೂ ಬಿಡಿಸಿಕೊಳ್ಳಲು ನೋಡಲಿಲ್ಲ.

ಕಾಕಾ ಬೇಲಿ ತೆಗೆದಿದ್ದರು. ಜನರನ್ನು ಅಲ್ಲಿಂದ ರಸ್ತೆಗೆ ಬಿಟ್ಟೆವು. ಟ್ರ್ಯಾಕ್ಟರ್‌ನವನು ಸದ್ದು ಮಾಡುತ್ತ ದಂಡೆಗುಂಟ ಹೋದ ಮೇಲೆ ಮೋಟಾರು ಸೈಕಲ್ಲುಗಳನ್ನು ಗುಂಪಾಗಿ ಹೋಗಿ ತಂದರು. ಏಕೆ ಅಂತ ಕೇಳಿದವರಿಗೆ ಕಾಕಾ "ಹೊಲದವ ಜಗಳ ತಗದಾನ" ಅಂದರು. ಅರಣ್ಯ ಇಲಾಖೆಯವರು ಬಂದರು. ದಂಡೆಯೆಲ್ಲ ಜನರ ತುಳಿತ, ಒಳಗೆ ಕಬ್ಬಿನ ಒಣಗರಿಗಳ ರವದಿ. ಹೆಜ್ಜೆ ಸ್ಪಷ್ಟವಿಲ್ಲ, ನಾಯಿಯೂ ಇರಬಹುದು, ಇಲ್ಲ ಅಂತಲೂ ಹೇಳಲಾಗದು ಅಂದು ಹೋದರು.

ವಿಚಾರಣೆ ಮೂಡಲಗಿಯಲ್ಲಿ, ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯಿತು. ಯೂರಿಯಾ ವಾಸನೆ, ಪ್ಲಾಸ್ಟಿಕ್ ಕುರ್ಚಿಗಳು, ಪಂದ್ಯಾವಳಿ ಸಮಿತಿಯ ಹಿರಿಯರು. ಗೆಲ್ಲುವ ಪಂದ್ಯ ಬಿಟ್ಟುಕೊಟ್ಟವರನ್ನು ಎರಡು ಹಂಗಾಮು ಮೂರೂ ತಾಲೂಕಿನ ಯಾವ ಮೈದಾನದಲ್ಲೂ ಆಡಲು ಬಿಡಬಾರದು ಅನ್ನುವುದು ಸಮಿತಿಯ ಕಟ್ಟಳೆ. ಕ್ಯಾಪ್ಟನ್ ನಿಂತುಕೊಂಡೇ ಇದ್ದದ್ದು ಇದ್ದಂತೆ ಹೇಳಿದ.

"ಹೋದ ವರ್ಷ ಹಾವು, ಈ ವರ್ಷ ಚಿರತಿ" ಅಂದರು ಅಧ್ಯಕ್ಷರು. "ಮುಂದಿನ ವರ್ಷ ಆನಿ ತರ್ತೀಯೇನಪಾ?"

"ಹೋದ ವರ್ಷದ್ದು ಸುಳ್ಳರಿ" ಅಂದ ಕ್ಯಾಪ್ಟನ್. "ಹಾವ್ ಇರಲಿಲ್ಲ. ಅದಕ್ಕ ಬೇಕಾದ ಶಿಕ್ಷಾ ಕೊಡ್ರಿ. ಇದು ಖರೆ. ಅಂಜಿ ಬಿಟ್ಟೇನಿ, ಮಾರ್ಕೊಂಡಿಲ್ಲ. ಅಂಜಿದ ಅಂತ ಹೇಳ್ರಿ ಮಂದಿಗಿ. ಅಷ್ಟ ಸಾಕ."

ಆಮೇಲೆ ನನ್ನನ್ನು ಕರೆದರು. ಬರುವ ಹಂಗಾಮಿಗೆ ಮೈಕ್ ಯಾರ ಕೈಗೆ ಕೊಡಬೇಕು ಅನ್ನುವುದನ್ನು ತೀರ್ಮಾನಿಸುವವರೂ ಇವರೇ. ಆದರೂ ಹೇಳಿದೆ. ಅವನ ಕೈ ನಡುಗಿದ್ದು, ಗಾಳಿ ಇಲ್ಲದೆ ಕಬ್ಬು ಗೆರೆಯಾಗಿ ಅಲುಗಿದ್ದು, ದಂಡೆಯ ಹತ್ತಿರ ಬಂದು ನಿಂತದ್ದು, ಎಲ್ಲ ಹೇಳಿದೆ. ಹೇಳುವಾಗ ದನಿ ಒಡೆಯಿತು.

ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ತಮ್ಮಾ, ಈಗ ಮಾತಾಡಿದ್ದು ನೀನೋ, ಅವನೋ?"

ಕೋಣೆಯೆಲ್ಲ ನಕ್ಕಿತು. "ನಾನ ರಿ" ಅಂದೆ.

"ಅಂಜಿದ್ದು ಭಾಳ ಚಂದ ಮಾಡ್ತಿ. ಗಣಪತಿ ಹಬ್ಬಕ್ಕ ನಮ್ಮ ಓಣಿಗಿ ಬಾ."

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಊರಲ್ಲಿರುವ ಎಲ್ಲರ ದನಿ ನನ್ನ ಹತ್ತಿರವಿತ್ತು, ನಂಬುವಂಥ ದನಿ ಒಂದೂ ಇರಲಿಲ್ಲ. ಕೂತುಬಿಟ್ಟೆ. ಎರಡು ಹಂಗಾಮು ಅಂತ ತೀರ್ಪಾಯಿತು. ಕಾರಣ ಬರೆಯುವಾಗ ಅಂಜಿಕೆ ಅನ್ನುವ ಮಾತು ಬರಲಿಲ್ಲ, ಅಶಿಸ್ತು ಅಂತ ಬಂತು.

ಹೊರಗೆ ಚಹಾದ ಅಂಗಡಿಯಲ್ಲಿ ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಇನ್ನೂ ಕನಸಿನ್ಯಾಗ ಮಾರಿ ಎತ್ತಿ ನೋಡ್ತೈತಿ ಗಿಣಿ" ಅಂದ. ನಾನು ಅವನಿಗೆ ಇನ್ನೊಂದು ಚಹಾ ಹೇಳಿದೆ.

ಆ ಹೊಲದ ಕಬ್ಬು ಕಡಿಯಲು ಗ್ಯಾಂಗಿನವರು ಬಂದಾಗ, ಸುತ್ತಲಿಂದ ಕಡಿಯುತ್ತ ಹೋಗಿ ನಡುವಿನ ಒಂದು ತುಂಡನ್ನು ಉಳಿಸಿ, ಡಬ್ಬಿ ಬಾರಿಸಿದರಂತೆ. ಏನೋ ಹೊಳೆಯ ಕಡೆ ಓಡಿತು ಅಂದರು. ಕೆಲವರು ಹಂದಿ ಅಂದರು. ಬಾಯಲ್ಲಿ ಮರಿ ಕಚ್ಚಿಕೊಂಡಿತ್ತು ಅಂತ ಒಬ್ಬಳು ಹೇಳಿದಳಂತೆ. ಸಮಿತಿಯವರು ಅವಳನ್ನು ಕರೆಸಲಿಲ್ಲ. ತೀರ್ಪು ಹಾಗೇ ಉಳಿಯಿತು.

ಮುಂದಿನ ಹಂಗಾಮಿನ ಮೊದಲ ಪಂದ್ಯಾವಳಿ ಹುಕ್ಕೇರಿ ಕಡೆ. ಮೈಕ್ ನನ್ನ ಕೈಗೇ ಬಂದಿತ್ತು. ಅಲ್ಲೂ ಒಂದು ಬದಿಗೆ ಕಬ್ಬು, ಕಬ್ಬಿನ ನೆರಳು. ಆ ನೆರಳಿನಲ್ಲಿ ಕ್ಯಾಪ್ಟನ್ ಒಬ್ಬನೇ ಕೂತಿದ್ದ. ಅವನ ಎಡಕ್ಕೂ ಬಲಕ್ಕೂ ದೂರದವರೆಗೆ ಒಬ್ಬರೂ ಇರಲಿಲ್ಲ. ಆಟ ಶುರುವಾಗುವ ಮೊದಲು ಅವನ ಹತ್ತಿರ ಹೋದೆ.

"ಇಲ್ಲಿ ಯಾಕ ಕುಂತ್ರಿ? ಆ ಕಡೆ ಪೆಂಡಾಲ್ ಐತೆಲ್ಲ."

"ಆಟ ಬ್ಯಾಡ ಅಂದಾರ, ಕೂಡೂದ ಬ್ಯಾಡ ಅಂದಿಲ್ಲ" ಅಂದ. ಖಾಲಿ ಬಿದ್ದ ನೆರಳನ್ನು ಕಣ್ಣಿನಲ್ಲೇ ತೋರಿಸಿದ. "ನಾ ಕುಂತಲ್ಲಿ ಈಗ ಯಾರೂ ಬಂದು ಕುಂದ್ರಂಗಿಲ್ಲ. ಅದಕ್ಕ ಇಲ್ಲಿ ಕುಂತೇನಿ."

ಪಂದ್ಯ ಶುರುವಾಯಿತು. ಜನ "ಹಾವ್ ಮಾಡಲೇ, ಹಾವ್ ಮಾಡ" ಅಂತ ಕೂಗಿದರು. ನಾನು ಅವನನ್ನು ನೋಡಿದೆ. ಮಾಡು ಅನ್ನುವಂತೆ ಕೈ ಎತ್ತಿದ. ಮಾಡಿದೆ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.

ಆಮೇಲೆ ಒಂದು ಸಿಕ್ಸರ್ ಕಬ್ಬಿನೊಳಗೆ ಹೋಯಿತು. ಅದರ ಹಿಂದೆ ಫೀಲ್ಡರ್ ಒಳಗೆ ಹೋದ. ಕ್ಯಾಪ್ಟನ್ ಎದ್ದು ನಿಂತ. ನಾನು ಮಾತು ನಿಲ್ಲಿಸಿದೆ.

"ಏ, ಮೈಕ್ ಹೋತೇನ?" ಅಂತ ಪೆಂಡಾಲಿನಿಂದ ಯಾರೋ ಕೂಗಿದರು. ಕಾಕಾ ವಾಯರು ಜಗ್ಗಿ ನೋಡಿ, ನನ್ನ ಮುಖ ನೋಡಿ, ಸುಮ್ಮನೆ ಕೂತರು.

ಗಾಳಿ ಇರಲಿಲ್ಲ. ಕಬ್ಬಿನ ಸುಳಿಗಳನ್ನು ನೋಡುತ್ತ ನಿಂತೆ. ಫೀಲ್ಡರ್‌ನ ತಲೆ ಹೊರಗೆ ಕಾಣುವ ತನಕ ಯಾರ ದನಿಯನ್ನೂ ತೆಗೆಯಲಿಲ್ಲ.